‘ಟೈಮ್ ಬಾರ್ ಆಗ್ಯದ, ಬಿಡ್ರಿ’ ಅಂದಿದ್ದ ಕೇಸು ನಾ ಗೆದ್ದದ್ದು ಹೆಂಗ

ಟೈಮ್ ಬಾರ್ ಅಂದ್ರ ಅರ್ಜಿ ಹಾಕೋ ಗಡುವು ಮುಗದದ ಅಂತ. ಕಲಬುರಗಿ ವಕೀಲರ ಬಾರ್ ರೂಮಿನ್ಯಾಗ ಸೀನಿಯರ್‌ಗಳು ಸೈತ ನಕ್ಕಿದ್ರು, ಈಗ ಆರ್ಡರ್ ಬಂದದ, ಅದಕ್ಕ ಬರೀಲಿಕತ್ತೀನಿ. ಕ್ಲೈಂಟ್ ಚಿತ್ತಾಪುರ ಕಡೆ ರೈತ, ಹೊಲ ಸ್ವಾಧೀನ ಆಗೋವಾಗ ಪುಣೆದಾಗ ಗೌಂಡಿ ಕೆಲಸಕ್ಕ ಹೋಗಿದ್ದ, ಪರಿಹಾರದ ಆದೇಶ (ಅವಾರ್ಡ್) ಆಗ್ಯದ ಅಂತ ತಿಳಿಸೋ, 2013ರ ಭೂಸ್ವಾಧೀನ ಕಾಯ್ದೆ ಸೆಕ್ಷನ್ 37(2)ರ ನೋಟಿಸ್ ಕೈಗೆ ಬಂದೇ ಇಲ್ಲ, ಎರಡು ವರ್ಷದ ಮ್ಯಾಲೆ ಪಹಣಿ ತೆಗಸ್ದಾಗ ಗೊತ್ತಾಗ್ಯದ. ಪರಿಹಾರ ಜಾಸ್ತಿ ಕೇಳಿದ್ರ ಭೂಸ್ವಾಧೀನ ಆಫೀಸಿನವ್ರು ಅದೇ ಕಾಯ್ದೆ ಸೆಕ್ಷನ್ 64 ತೋರ್ಸಿದ್ರು: ಅವಾರ್ಡ್ ತಾರೀಖಿನಿಂದ ಆರು ತಿಂಗಳದಾಗ ಕಲೆಕ್ಟರ್‌ಗೆ ಅರ್ಜಿ ಹಾಕ್ಬೇಕು, ಕಾರಣ ಇದ್ರ ಮ್ಯಾಲೊಂದು ವರ್ಷ, ಮುಗೀತು. ಅಕ್ಷರ ಹಿಡದು ಓದಿದ್ರ ಅದು ಖರೇನೇ. ಆದ್ರ ಹಂಗ ಓದಿದ್ರ ಅವಾರ್ಡ್‌ಗೆ ಸಹಿ ಹಾಕಿ ಕಪಾಟಿನ್ಯಾಗ ಇಟ್ಟು ಸುಮ್ನ ಕುಂತ್ರ ಸಾಕು, ರೈತಗ ಗೊತ್ತಾಗೋಕಿಂತ ಮೊದ್ಲೇ ಅವನ ಹಕ್ಕು ಹೋಗಿರ್ತದ!

ಮೊದಲಿನ ವಕೀಲರು ತಡ ಆದ್ರ ಕೋರ್ಟ್ ಮಾಫಿ ಮಾಡೋ ಲಿಮಿಟೇಷನ್ (ಕಾಲಮಿತಿ) ಕಾಯ್ದೆ ಸೆಕ್ಷನ್ 5 ಹಾಕಿದ್ರು, ಬಿತ್ತು. ಬೀಳೋದೇ, ಕಲೆಕ್ಟರ್ ಕೋರ್ಟ್ ಅಲ್ಲ ಅಂತ 1996ರ ಶಾ ಮಣಿಲಾಲ್ ಕೇಸ್ನ್ಯಾಗ ಅದ. ನಾ ತಡದ ಮಾಫಿ ಕೇಳ್ಲೇ ಇಲ್ಲ, ತಡಾನೇ ಆಗಿಲ್ಲ ಅಂದೆ. 1961ರ ರಾಜಾ ಹರೀಶ್ಚಂದ್ರ ರಾಜ್ ಸಿಂಗ್ ಕೇಸ್ನ್ಯಾಗ ಸುಪ್ರೀಂ ಕೋರ್ಟ್, ಅವಾರ್ಡ್ ತಾರೀಖು ಅಂದ್ರ ಪಾರ್ಟಿಗೆ ಅದು ತಿಳಿದ ದಿನ ಇಲ್ಲಾ ತಿಳಿಬೇಕಾಗಿದ್ದ ದಿನ, ಯಾಂತ್ರಿಕವಾಗಿ ಓದಬ್ಯಾಡ್ರಿ ಅಂದದ. 1963ರ ಕೈಸರ್ ಜಹಾನ್ ಬೇಗಂ ಇನ್ನೊಂದ್ ಹೆಜ್ಜೆ ಮುಂದ: ಕಿವಿಗೆ ಬಿದ್ರ ಸಾಲದು, ಅವಾರ್ಡಿನಾಗಿನ ಮುಖ್ಯ ವಿಷಯ ಗೊತ್ತಾಗ್ಬೇಕು. 2010ರ ಭಗವಾನ್ ದಾಸ್ ತೀರ್ಪೂ ಹಾಕ್ದೆ. ಎದುರಿನವ್ರು ‘ಇವೆಲ್ಲ 1894ರ ಹಳೇ ಭೂಸ್ವಾಧೀನ ಕಾಯ್ದೆವು’ ಅಂದ್ರು, ಅದು ಗೊತ್ತೇ ಇತ್ತು, ಹಳೇ ಕಾಯ್ದೆ ಸೆಕ್ಷನ್ 18, ಹೊಸದರ ಸೆಕ್ಷನ್ 64 ಪಕ್ಕಪಕ್ಕ ಎರಡು ಕಾಲಂ ಟೈಪ್ ಮಾಡಿಸಿ ಇಟ್ಕೊಂಡಿದ್ದೆ, ಮಾತು ಹೆಚ್ಚೂಕಮ್ಮಿ ಅವೇ.

ಖರ್ಚು? ಸರ್ಟಿಫೈಡ್ ಕಾಪಿ, ಆರ್‌ಟಿಐ, ರಿಟ್, ಟೈಪಿಂಗ್ ಕೂಡಿ ಎಂಟ್ಹತ್ತು ಸಾವಿರ ನನ್ನ ಕಿಸೆದಿಂದೇ ಹೋಗ್ಯದ, ಬಂದದ್ದು ಎರಡು ಚೀಲ ತೊಗರಿ. ಗೊತ್ತಾದ ದಿನ ಪ್ರೂವ್ ಮಾಡೋ ಭಾರ ನಮ್ಮ ಮ್ಯಾಲೇ, ಅದಕ್ಕ ಪುಣೆ ಮೇಸ್ತ್ರಿ ಹಾಜರಿ ಪುಸ್ತಕ ಹಾಕ್ದೆ, ಅದರ ಜೋಡಿ ಇನ್ನೊಂದು ಕಾಗದ ಇತ್ತು, ಖರೇ ಕೆಲಸ ಮಾಡಿದ್ದು ಅದು, ಯಾವ್ದಂತ ಹೇಳಂಗಿಲ್ಲ, ಇಂಥವೇ ಎರಡು ಮ್ಯಾಟರ್ ಬಾಕಿ ಅವ.

ಗೆದ್ದ ಹುರುಪಿನ್ಯಾಗ, ಅಕ್ಷರ ಬಿಟ್ಟು ಉದ್ದೇಶ ನೋಡಿ ಓದೋ ಇದೇ ದಾರಿ ಒಬ್ರು ದಾಲ್ ಮಿಲ್ ಮಾಲಕರ ಟ್ಯಾಕ್ಸ್ ವಿನಾಯಿತಿಗೂ ಹಚ್ಚಿ ನೋಡ್ದೆ, ನಡಿಯಂಗಿಲ್ಲಂತ ಗೊತ್ತಿದ್ದೂ. ನಡೀಲಿಲ್ಲ. 2018ರ ದಿಲೀಪ್ ಕುಮಾರ್ ಕೇಸ್ನ್ಯಾಗ ಐದು ಜಡ್ಜ್ ಕುಂತು ವಿನಾಯಿತಿ ನೋಟಿಫಿಕೇಷನ್ ಬಿಗಿಯಾಗೇ ಓದ್ಬೇಕು, ಡೌಟ್ ಬಂದ್ರ ಲಾಭ ಸರ್ಕಾರಕ್ಕ ಅಂದಾರ. ಸೋತ್ರೂ ಮಾಲಕರು ಫೀ ಮಾತ್ರ ಪೂರಾ ಕೊಟ್ರು.