ಐವಿಎಫ್ (ಟೆಸ್ಟ್ ಟ್ಯೂಬ್ ಬೇಬಿ ಚಿಕಿತ್ಸೆ) ಬಗ್ಗೆ ಮನೆಯವರಿಗೆ ಹೇಳುವುದು ಹೇಗೆ?

ಮೊದಲು ನೀವಿಬ್ಬರೂ ಕೂತು ಮಾತಾಡಿ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಅಂತ ನಿರ್ಧರಿಸಿ. ತೊಂದರೆ ಯಾರಲ್ಲಿದೆ ಅನ್ನುವುದು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೋಗಲೇಬಾರದು. ಇದರಲ್ಲಿ ರಾಜಿ ಬೇಡ.

ಚಿಕಿತ್ಸೆಯನ್ನು ಸರಳವಾಗಿ ವಿವರಿಸಿ: ಸುಮಾರು 8ರಿಂದ 14 ದಿನ ಹಾರ್ಮೋನ್ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್, ಆಮೇಲೆ ಅಂಡಾಣು ಹೊರತೆಗೆದು ಲ್ಯಾಬ್‌ನಲ್ಲಿ ವೀರ್ಯಾಣು ಜೊತೆ ಸೇರಿಸುತ್ತಾರೆ, ಹೆಚ್ಚಾಗಿ 3 ಅಥವಾ 5 ದಿನ ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುತ್ತಾರೆ, ಇಲ್ಲವೇ ಫ್ರೀಜ್ ಮಾಡಿ ಇಡುತ್ತಾರೆ. ಒಂದೇ ಸಲಕ್ಕೆ ಆಗದೇ ಇರಬಹುದು ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಆಮೇಲೆ ನೀವೇ ನೋವಿನಲ್ಲಿರುವಾಗ ಅವರಿಗೂ ಸಮಾಧಾನ ಹೇಳಬೇಕಾಗುತ್ತದೆ.

ಗರ್ಭ ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆಯ ದಿನಾಂಕ ಮಾತ್ರ ಯಾರಿಗೂ ಕೊಡಬೇಡಿ ಅನ್ನುವುದು ನನ್ನ ಸಲಹೆ. ಭ್ರೂಣ ಬಿಟ್ಟು ಸುಮಾರು ಎರಡು ವಾರ ಕಾಯುವುದೇ ಕಷ್ಟ, ಅದರ ಮೇಲೆ ಹತ್ತು ಜನ ಫೋನ್ ಮಾಡಿ "ಏನಾಯ್ತು?" ಅಂದರೆ ತಡೆಯೋಕಾಗಲ್ಲ, ಅಲ್ವಾ? "ಸುದ್ದಿ ಇದ್ದಾಗ ನಾವೇ ಹೇಳುತ್ತೇವೆ, ದಯವಿಟ್ಟು ಕೇಳಬೇಡಿ" ಅನ್ನಿ.

"ಟೆನ್ಷನ್ ಬಿಡು, ತಾನಾಗೇ ಆಗುತ್ತೆ" ಅನ್ನುವವರು ಇದ್ದೇ ಇರುತ್ತಾರೆ. ಟೆನ್ಷನ್ ಬಿಟ್ಟರೆ ಮುಚ್ಚಿದ ಗರ್ಭನಾಳ ತೆರೆಯುವುದಿಲ್ಲ. ಇದನ್ನು ಶಾಂತವಾಗಿ ಒಮ್ಮೆ ಹೇಳಿ, ಸುಮ್ನೆ ವಾದ ಮಾಡಬೇಡಿ.

ಸಹಾಯ ಮಾಡಬೇಕು ಅನ್ನುವವರಿಗೆ ಕೆಲಸ ಕೊಡಿ. ಅಂಡಾಣು ತೆಗೆಯುವ ದಿನ ಮಂಪರು ಬರುವ ಔಷಧಿ ಕೊಡುವುದರಿಂದ ನೀವು ಗಾಡಿ ಓಡಿಸುವಂತಿಲ್ಲ, ಮನೆಗೆ ಕರೆತರಲು ಒಬ್ಬರು ಬೇಕೇ ಬೇಕು.