ಬಟಾಟಿ ಬಾಟಲಿಯೊಳಗಿನ ಹಾಲುಬಣ್ಣದ ಉಂಗುರ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಗೋಡೆಗೂ ಬೂಷ್ಟು ಬರುತ್ತದೆ. ನಮ್ಮ ಪುಟ್ಟ ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಕಾಂಡದ ತುಂಡಿನಿಂದ ಬಾಟಲಿಯೊಳಗೆ ಬಟಾಟಿ ಗಿಡ ಬೆಳೆಸುತ್ತೇವೆ. ಅಂಥ ಮಳೆಯಲ್ಲೇ ಆ ಬಾಟಲಿಗಳು ಕೆಡಲು ಶುರುವಾದವು. ಬೂಷ್ಟಾದರೆ ಮೂರ್ನಾಲ್ಕು ದಿನಕ್ಕೆ ಹತ್ತಿಯ ಹಾಗೆ ಎದ್ದು ಕಾಣುತ್ತದೆ. ಇದು ಹಾಗಿರಲಿಲ್ಲ. ಮೊದಲ ಸಲ ಗಿಡ ಹಸಿರಾಗಿ ಚೆನ್ನಾಗೇ ಬಂತು. ಗೆಣ್ಣು ಕತ್ತರಿಸಿ ಎರಡನೇ ಸಲ ಹೊಸ ಬಾಟಲಿಗೆ ಇಟ್ಟಾಗ, ಕಾಂಡ ಅಗರ್‌ಗೆ (ಗಿಡ ಊರುವ ಜೆಲ್ಲಿಗೆ) ತಾಗುವಲ್ಲಿ ಹಾಲು ಚೆಲ್ಲಿದಂಥ ಮಬ್ಬು ಉಂಗುರ. ಬ್ಯಾಕ್ಟೀರಿಯಾ.

ಮೊದಲು ಅನುಮಾನ ಬಂದದ್ದು ಆಟೋಕ್ಲೇವ್ ಮೇಲೆ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರದ ಮೇಲೆ. 121 ಡಿಗ್ರಿ, 15 ಪೌಂಡ್ ಒತ್ತಡ, 20 ನಿಮಿಷ, ಎಲ್ಲ ಸರಿ ಇತ್ತು. ಆಮೇಲೆ ಗಿಡವಿಲ್ಲದೆ ಬರೀ ಮೀಡಿಯಾ (ಪೋಷಕಾಂಶ ಬೆರೆಸಿದ ಅಗರ್) ಇದ್ದ ಹತ್ತು ಬಾಟಲಿಗಳನ್ನು ಲ್ಯಾಮಿನಾರ್‌ನಲ್ಲಿ (ಸೋಸಿದ ಗಾಳಿ ಬೀಸುವ ಮೇಜಿನಲ್ಲಿ) ತೆರೆದು, ಫೋರ್ಸೆಪ್ಸ್ (ಚಿಮಟ) ತುದಿ ಅದ್ದಿ, ಮುಚ್ಚಿಟ್ಟೆ. ಎರಡು ವಾರ ಕಳೆದರೂ ಒಂದೂ ಕೆಡಲಿಲ್ಲ. ಅಂದರೆ ಕೇಡು ಗಿಡದ ಒಳಗೇ ಇತ್ತು, ಅಲ್ವಾ? ನಾನು ತಂದಿದ್ದು ಎರೆ ಹೊಲದಿಂದ ಕಿತ್ತ ಕಾಂಡ. ಬ್ಲೀಚ್ ತೊಳೆಯುವುದು ಸಿಪ್ಪೆಯನ್ನು ಮಾತ್ರ, ಕಾಂಡದ ನಾಳದೊಳಗೆ ಕೂತದ್ದನ್ನು ಅದು ಮುಟ್ಟುವುದಿಲ್ಲ.

ಹೊಲದ ಕಾಂಡ ಬಿಟ್ಟೆ. ಗಡ್ಡೆ ತೊಳೆದು ಒಣಗಿಸಿ, ಕತ್ತಲ ಕೋಣೆಯ ಟ್ರೇನಲ್ಲಿ ಮೊಳಕೆ ಬರಿಸಿದೆ. ಮಣ್ಣೇ ಕಾಣದ ಮೊಳಕೆ ಅದು. ಸೋಪು ನೀರು, ಹರಿಯುವ ನೀರು, 70 ಪರ್ಸೆಂಟ್ ಆಲ್ಕೋಹಾಲಿನಲ್ಲಿ 30 ಸೆಕೆಂಡ್, 1 ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ (ಅದೇ ಬ್ಲೀಚ್) 10 ನಿಮಿಷ, ಸ್ಟೆರೈಲ್ ನೀರಲ್ಲಿ ಮೂರು ಸಲ. ಬಿಳಿಚಿದ ತುದಿ ಕತ್ತರಿಸಿ ಬಿಸಾಕಿ, ಒಂದು ಟ್ಯೂಬಿಗೆ ಒಂದೇ ಕಣ್ಣು ಇಟ್ಟೆ. ಒಂದು ಕೆಟ್ಟರೆ ಪಕ್ಕದ್ದು ಉಳಿಯಲಿ ಅಂತ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಬುಡದ ಪರೀಕ್ಷೆ. ಗಿಡ ಬೆಳೆಸುವ ಎಂಎಸ್ ಮೀಡಿಯಾದಲ್ಲಿ ಕೆಲವು ಬ್ಯಾಕ್ಟೀರಿಯಾ ಸುಮ್ನೆ ಅಡಗಿರುತ್ತವೆ. ಹಾಗಾಗಿ ಪ್ರತಿ ಗಿಡದ ಬುಡದ ತುಂಡನ್ನು ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವ ನ್ಯೂಟ್ರಿಯೆಂಟ್ ಅಗರ್ ಪ್ಲೇಟ್ ಮೇಲೆ ಒತ್ತಿ ವಾರ ಕಾಯುತ್ತೇನೆ. ಪ್ಲೇಟ್ ಶುಚಿಯಾಗಿದ್ದರೆ ಮಾತ್ರ ಆ ಗಿಡ ಮುಂದಕ್ಕೆ. ಮೀಡಿಯಾಕ್ಕೆ ಸೆಫೊಟಾಕ್ಸಿಮ್ ಎಂಬ ಆಂಟಿಬಯಾಟಿಕ್ ಕೂಡ ಹಾಕಿ ನೋಡಿದೆ, ಲೀಟರಿಗೆ 250 ಮಿಲಿಗ್ರಾಂ. ಔಷಧಿ ಇರುವಷ್ಟು ದಿನ ಉಂಗುರ ಇಲ್ಲ, ತೆಗೆದ ಕೂಡಲೇ ಮತ್ತೆ ಬಂತು. ಅದರ ಮೇಲೆ ನನಗೆ ಭರವಸೆ ಇಲ್ಲ.

ಫೋರ್ಸೆಪ್ಸ್‌ಗೂ ಈಗ ಬರೀ ಸ್ಪಿರಿಟ್ ನಂಬುವುದಿಲ್ಲ, ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಅದರಲ್ಲಿ ಸಾಯುವುದಿಲ್ಲ. 250 ಡಿಗ್ರಿಯ ಗಾಜಿನ ಮಣಿಗಳಲ್ಲಿ ಅದ್ದುತ್ತೇನೆ. ಗೆಣ್ಣು ಕತ್ತರಿಸುವ ದಿನ ಪ್ರತಿ ಬಾಟಲಿಯನ್ನೂ ಎತ್ತಿ, ತಳಕ್ಕೆ ಟಾರ್ಚ್ ಬಿಟ್ಟು ನೋಡುತ್ತೇನೆ. ಚೂರು ಮಬ್ಬು ಕಂಡರೂ ಮುಚ್ಚಳ ತೆರೆಯದೆ ಆಟೋಕ್ಲೇವ್‌ಗೆ ಹಾಕುತ್ತೇನೆ.