ಆಲ್ಬೆಂಡಜೋಲ್ ಶುರು ಮಾಡುವ ಮುನ್ನ ಕಣ್ಣು ನೋಡುವ ಕ್ರಮ

ಫಿಟ್ಸ್ ಬಂದು, ಸ್ಕ್ಯಾನಿಂಗ್‌ನಲ್ಲಿ ಮಿದುಳಿನೊಳಗೆ ಲಾಡಿಹುಳುವಿನ ಗುಳ್ಳೆ ಕಂಡವರನ್ನು ನಮ್ಮ ಕಣ್ಣಿನ ವಿಭಾಗಕ್ಕೆ ಕಳಿಸುವಾಗ ಚೀಟಿಯಲ್ಲಿ 'ಫಂಡಸ್ (ಕಣ್ಣಿನ ಒಳ ಹಿಂಭಾಗ) ನೋಡಿ' ಎಂದಷ್ಟೇ ಇರುತ್ತದೆ. ಇದನ್ನು ಕಾಟಾಚಾರಕ್ಕೆ ಮುಗಿಸಬಾರದು. ಮಿದುಳಿನ ಗುಳ್ಳೆಯನ್ನು ಕೊಲ್ಲುವ ಆಲ್ಬೆಂಡಜೋಲ್ ಮಾತ್ರೆ ಕಣ್ಣೊಳಗೆ ಇರಬಹುದಾದ ಗುಳ್ಳೆಯನ್ನೂ ಕೊಲ್ಲಬಲ್ಲದು. ಹುಳು ಬದುಕಿರುವಷ್ಟು ಕಾಲ ದೇಹದ ಪ್ರತಿರೋಧವನ್ನು ಅದುಮಿಟ್ಟಿರುತ್ತದೆ. ಸಾಯತೊಡಗಿದರೆ ಒಳಗಿನ ದ್ರವ ಸೋರಿ ಉರಿಯೂತ ಭುಗಿಲೇಳುತ್ತದೆ, ರೆಟಿನಾ (ಕಣ್ಣಿನ ಹಿಂಪರದೆ) ಕಿತ್ತುಬರುತ್ತದೆ, ಕೊನೆಗೆ ಕಣ್ಣೇ ಸುರುಟಿಹೋಗಬಹುದು. ಜೊತೆಗೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಕೊಟ್ಟಿದ್ದೇವೆ ಎಂಬ ಧೈರ್ಯ ಇಲ್ಲಿ ಸಾಲದು.

ಮೊದಲು ಒಂದೊಂದು ಕಣ್ಣಿನ ದೃಷ್ಟಿ, ಒತ್ತಡ, ಪಾಪೆಯ ಪ್ರತಿಕ್ರಿಯೆ ಬರೆದುಕೊಳ್ಳುತ್ತೇನೆ. ಆಮೇಲೆ ಪಾಪೆ ಅರಳಿಸುವ ಟ್ರೋಪಿಕಮೈಡ್–ಫಿನೈಲೆಫ್ರಿನ್ ಹನಿ. ಹನಿ ಹಾಕಿದ ಸಮಯ ಕೇಸ್ ಶೀಟಿನಲ್ಲಿ ಇರಲೇಬೇಕು. ಇಲ್ಲವಾದರೆ ವಾರ್ಡಿನಲ್ಲಿ ಅಗಲವಾದ ಪಾಪೆ ಕಂಡು ಮಿದುಳಿನ ಒತ್ತಡ ಏರಿತೆಂದು ಗಾಬರಿಯಾಗುತ್ತಾರೆ. ಪಾಪೆ ಪೂರ್ತಿ ಅರಳಿದ ಮೇಲೆ 20 ಡಯಾಪ್ಟರ್ ಲೆನ್ಸ್ ಹಿಡಿದು, ತಲೆಗೆ ಕಟ್ಟುವ ಇನ್‌ಡೈರೆಕ್ಟ್ ಆಫ್ತಾಲ್ಮೋಸ್ಕೋಪ್‌ನಲ್ಲಿ (ಕಣ್ಣಿನ ಒಳಗೆ ನೋಡುವ ಉಪಕರಣ) ಎರಡೂ ಕಣ್ಣನ್ನು ಅಂಚಿನವರೆಗೆ ನೋಡುತ್ತೇನೆ. ಕೈಯಲ್ಲಿ ಹಿಡಿಯುವ ಡೈರೆಕ್ಟ್ ಆಫ್ತಾಲ್ಮೋಸ್ಕೋಪ್ ಮಾತ್ರ ನಂಬಿದರೆ ಅಂಚಿನಲ್ಲಿ ರೆಟಿನಾದಡಿ ಕೂತ ಗುಳ್ಳೆ ತಪ್ಪಿಹೋಗುತ್ತದೆ.

ಜೀವಂತ ಗುಳ್ಳೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮುತ್ತಿನಂತೆ ಹೊಳೆಯುವ ಅರೆಪಾರದರ್ಶಕ ಚೀಲ, ಒಳಗೊಂದು ದಟ್ಟ ಬಿಳಿ ಚುಕ್ಕೆ. ಅದೇ ಹುಳುವಿನ ತಲೆ. ಅದರ ಮೇಲೆ ಬೆಳಕು ಹಾಯಿಸಿ ಸ್ವಲ್ಪ ಕಾಯಿರಿ, ಚೀಲದ ಗೋಡೆ ನಿಧಾನವಾಗಿ ಅಲೆಯಾಡುತ್ತದೆ, ತಲೆ ಹೊರಚಾಚುವುದೂ ಉಂಟು. ಕಣ್ಣಿನ ಒಳಭಾಗ ಮಬ್ಬಾಗಿ ಕಾಣದಿದ್ದರೆ ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡಲೇಬೇಕು.

ಗುಳ್ಳೆ ಕಣ್ಣೊಳಗಿದ್ದರೆ ಹುಳು ಕೊಲ್ಲುವ ಆಲ್ಬೆಂಡಜೋಲ್, ಪ್ರಾಜಿಕ್ವಾಂಟೆಲ್ ಎರಡನ್ನೂ ತಡೆಹಿಡಿಯಿರಿ ಎಂದು ನ್ಯೂರಾಲಜಿಯವರಿಗೆ ಫೋನ್ ಮಾಡಿಯೇ ಹೇಳುತ್ತೇನೆ. ಫಿಟ್ಸ್ ಮಾತ್ರೆ ನಿಲ್ಲಿಸುವಂತಿಲ್ಲ. ಮೊದಲು ವಿಟ್ರೆಕ್ಟಮಿಯಲ್ಲಿ (ಕಣ್ಣೊಳಗಿನ ಲೋಳೆ ತೆಗೆಯುವ ಶಸ್ತ್ರಕ್ರಿಯೆ) ಗುಳ್ಳೆ ತೆಗೆಯಬೇಕು, ಹುಳುವಿನ ಔಷಧದ ಮಾತು ಆಮೇಲೆ. ಹುಳು ಕೊಲ್ಲುವ ಔಷಧಕ್ಕೆ ಸಾಮಾನ್ಯವಾಗಿ ಅಂಥ ತುರ್ತೇನೂ ಇರುವುದಿಲ್ಲ.

ಗುಳ್ಳೆ ಕಣ್ಣೊಳಗಲ್ಲದೆ ಕಣ್ಣು ಹೊರಳಿಸುವ ಸ್ನಾಯುವಿನಲ್ಲಿದ್ದರೆ ಲೆಕ್ಕ ಬೇರೆ. ಊತ, ಹೊರಳಿಸಿದಾಗ ನೋವು, ಎರಡೆರಡು ಕಾಣುವುದು ಇದರ ಗುರುತು. ಇಲ್ಲಿ ಔಷಧವೇ ಚಿಕಿತ್ಸೆ: ಆಲ್ಬೆಂಡಜೋಲ್ ದಿನಕ್ಕೆ ದೇಹತೂಕದ ಕಿಲೋಗೆ 15 ಮಿ.ಗ್ರಾಂ, ಎರಡು ಪಾಲು ಮಾಡಿ, ಜಿಡ್ಡಿರುವ ಊಟದೊಂದಿಗೆ, ಸಾಮಾನ್ಯವಾಗಿ 4 ವಾರ. ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ ಕಿಲೋಗೆ 1 ಮಿ.ಗ್ರಾಂನಿಂದ ಶುರುಮಾಡಿ ಮೆಲ್ಲಗೆ ಇಳಿಸಬೇಕು. ಸ್ಟೀರಾಯ್ಡ್ ನಡೆಯುವಷ್ಟೂ ದಿನ ಕಣ್ಣಿನ ಒತ್ತಡದ ಮೇಲೆ ನಿಗಾ ಬೇಕು.

ಏನೂ ಸಿಗದಿದ್ದರೂ ವಾಪಸ್ ಚೀಟಿಯಲ್ಲಿ 'ಫಂಡಸ್ ನಾರ್ಮಲ್' ಎಂದು ಬಿಡುವುದಿಲ್ಲ. ಹನಿ ಹಾಕಿ, ಎರಡೂ ಕಣ್ಣು, ಅಂಚಿನವರೆಗೆ ನೋಡಿದೆ, ಗುಳ್ಳೆ ಇಲ್ಲ ಎಂದು ಬರೆಯುತ್ತೇನೆ. ಮಾತ್ರೆ ಶುರುವಾದ ಮೇಲೆ ಕಣ್ಣು ಕೆಂಪಾದರೆ, ನೋವು ಬಂದರೆ, ಮಂಜಾದರೆ ಅದೇ ದಿನ ಬರಬೇಕೆಂದು ಮನೆಯವರಿಗೂ ಬಿಡಿಸಿ ಹೇಳುತ್ತೇನೆ.